ಆಡಿದ ಮಾತಿಗೆ ಅಂಕ ಕೊಡುವವರು ಯಾರು?

2009ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಶುಕ್ರವಾರ ರಾತ್ರಿ ಸೊಸೆ ನನ್ನನ್ನು ಕವಿಗೋಷ್ಠಿಯೊಂದಕ್ಕೆ ಕರೆದೊಯ್ದಳು. ಗೋಷ್ಠಿ ಎಂದೊಡನೆ ವೇದಿಕೆ, ಹಾರ, ಅಧ್ಯಕ್ಷರ ಭಾಷಣಗಳನ್ನು ನಿರೀಕ್ಷಿಸಿದ್ದ ನನಗೆ ಅಲ್ಲಿ ಕಂಡದ್ದು ಇಟ್ಟಿಗೆ ಗೋಡೆಯ ಕಿರಿದಾದ ಕೋಣೆ, ಒಂದೇ ಒಂದು ಮೈಕು, ಕುರ್ಚಿ ಸಾಲದೆ ನೆಲದ ಮೇಲೂ ಕುಳಿತಿದ್ದ ಯುವಜನರು. ‘ಸ್ಲ್ಯಾಮ್’ ಎಂದು ಕರೆಯುವ ಆ ಸ್ಪರ್ಧೆಯ ನಿಯಮಗಳು ಸರಳ. ಸ್ವಂತ ರಚನೆಯನ್ನು ಮೂರು ನಿಮಿಷಗಳಲ್ಲಿ ಹೇಳಬೇಕು. ವೇಷ, ವಾದ್ಯ, ಪರಿಕರ ಯಾವುದೂ ಕೂಡದು. ಪ್ರೇಕ್ಷಕರ ನಡುವಿನಿಂದಲೇ ಆರಿಸಿದ ಐವರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಕೈಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ನಿರೂಪಕ ನನ್ನ ನರೆತ ತಲೆಯನ್ನು ಕಂಡವನೇ ನಗುತ್ತಾ ಒಂದು ಅಂಕದ ಕಾರ್ಡನ್ನು ನನ್ನ ಕೈಗಿತ್ತ.

ಮೂರು ದಶಕ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನಿಗೆ ಅಂಕ ಕೊಡುವುದು ಹೊಸದೇನಲ್ಲ. ನಾಲ್ಕನೆಯವಳಾಗಿ ಬಂದವಳು ಇಪ್ಪತ್ತರ ಆಸುಪಾಸಿನ ಕಪ್ಪು ಹುಡುಗಿ. ರಾತ್ರಿ ಪಾಳಿಯಲ್ಲಿ ಕಚೇರಿಗಳ ಕಸ ಗುಡಿಸುವ ತನ್ನ ತಾಯಿಯ ಬಗ್ಗೆ, ಆ ತಾಯಿಯ ದನಿಯಲ್ಲೇ ಮಾತಾಡಿದಳು. ಕೇಳುಗರು ಬೆರಳು ಚಿಟಿಕೆ ಹೊಡೆದು ಮೆಚ್ಚುಗೆ ಸೂಚಿಸುತ್ತಿದ್ದರು. ನನ್ನ ಕಿವಿ ಮಾತ್ರ ಕ್ರಿಯಾಪದ ಬಿಟ್ಟುಹೋದ ವಾಕ್ಯಗಳನ್ನೂ, ಎರಡೆರಡು ಬಾರಿ ಬಂದ ನಿಷೇಧಾರ್ಥಗಳನ್ನೂ ಎಣಿಸುತ್ತಿತ್ತು. ಕಾರ್ಡಿನ ಮೇಲೆ 5.5 ಎಂದು ಬರೆದು ಎತ್ತಿ ಹಿಡಿದೆ. ಉಳಿದವರೆಲ್ಲ ಒಂಬತ್ತರ ಮೇಲೆ ಕೊಟ್ಟಿದ್ದರು. ಕೋಣೆಯಿಡೀ ನನ್ನತ್ತ ತಿರುಗಿ ಗೇಲಿ ಮಾಡಿತು.

ಅತಿ ಕಡಿಮೆ ಅಂಕವನ್ನು ಕೈಬಿಡುವ ನಿಯಮದಿಂದಾಗಿ ನನ್ನ ತೀರ್ಪು ಲೆಕ್ಕಕ್ಕೇ ಬರಲಿಲ್ಲ. ವಿರಾಮದಲ್ಲಿ ಆ ಹುಡುಗಿಯೇ ಬಳಿಗೆ ಬಂದು, ಕೊಂಚವೂ ಮುನಿಸಿಲ್ಲದೆ, ತಾನು ಆಡಿದ್ದು ಅಮ್ಮನ ಮಾತೆಂದೂ, ಅದನ್ನು ತಿದ್ದಿದರೆ ಅದು ಅಮ್ಮನದಾಗಿ ಉಳಿಯುವುದಿಲ್ಲವೆಂದೂ ಹೇಳಿ ಹೋದಳು. ಅಂದು ಮನೆಗೆ ಮರಳುವ ರೈಲಿನಲ್ಲಿ ನಾನು ಸೊಸೆಯೊಡನೆ ಹೆಚ್ಚು ಮಾತಾಡಲಿಲ್ಲ. ಅಲ್ಲಿಂದ ಮುಂದೆ ಈ ಕಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಹಿಪ್-ಹಾಪ್ ಎಂದರೆ ಅಬ್ಬರದ ಹಾಡು, ದಪ್ಪ ಬಂಗಾರದ ಸರ ಎಂದಷ್ಟೇ ತಿಳಿದವರು ನಮ್ಮಲ್ಲಿ ಬಹಳ. ಅದರ ಮೂಲ ಬೇರೆಯೇ ಇದೆ. 1968ರ ಮೇ 19ರಂದು, ಹತರಾಗಿದ್ದ ಮಾಲ್ಕಂ ಎಕ್ಸ್ ಅವರ ಜನ್ಮದಿನದಂದು, ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಕೆಲವು ಯುವಕರು ಡೋಲಿನ ಬಡಿತಕ್ಕೆ ಕವಿತೆ ನುಡಿದರು. ‘ದ ಲಾಸ್ಟ್ ಪೊಯೆಟ್ಸ್’ ಎಂಬ ಹೆಸರಿನಿಂದ ಅವರು ಪ್ರಸಿದ್ಧರಾದರು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂದ ಒಂದು ವಸತಿ ಕಟ್ಟಡದಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಕೂಟಕ್ಕೆ ಹಾಡುಗಳ ತಟ್ಟೆ ತಿರುಗಿಸಿದ. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟುಕೊಂಡು, ತಾಳವಾದ್ಯ ಮಾತ್ರ ಕೇಳಿಬರುವ ತುಣುಕನ್ನು ಅತ್ತಿಂದಿತ್ತ ಬದಲಿಸುತ್ತಾ ಲಂಬಿಸುವುದು ಅವನು ರೂಢಿಸಿದ ಕ್ರಮ. ಹೀಗೆ ಹಿಗ್ಗಿದ ತಾಳದ ಮೇಲೆ ಮಾತು ಸವಾರಿ ಮಾಡಿತು. ಹಳೆಯ ತಟ್ಟೆ ಮತ್ತು ತನ್ನ ಬಾಯಿ, ಇವೆರಡೇ ಬಂಡವಾಳವಾಗಿದ್ದವರ ಕಲೆ ಇದು. ಅದೇ ಕಾಲದಲ್ಲಿ ಮಿಗೆಲ್ ಅಲ್ಗರಿನ್ ಎಂಬ ಕವಿಯ ಮನೆಯಲ್ಲಿ ಸೇರುತ್ತಿದ್ದ ಪೋರ್ಟೊರಿಕೊ ಮೂಲದ ಕವಿಗಳು ‘ನ್ಯೂಯೊರಿಕನ್ ಪೊಯೆಟ್ಸ್ ಕೆಫೆ’ಗೆ ನಾಂದಿ ಹಾಡಿದರು.

ಸ್ಲ್ಯಾಮ್ ಹುಟ್ಟಿದ್ದು ಮಾತ್ರ ಷಿಕಾಗೊದಲ್ಲಿ. ಕಟ್ಟಡ ಕಾರ್ಮಿಕನಾಗಿದ್ದ ಕವಿ ಮಾರ್ಕ್ ಸ್ಮಿತ್ 1986ರಲ್ಲಿ ‘ಗ್ರೀನ್ ಮಿಲ್’ ಎಂಬ ಜಾಝ್ ಮದ್ಯಗೃಹದಲ್ಲಿ ಪ್ರತಿ ಭಾನುವಾರ ಇದನ್ನು ನಡೆಸತೊಡಗಿದರು. ತಗ್ಗಿದ ದನಿಯಲ್ಲಿ, ತಲೆಯೆತ್ತದೆ, ತಮಗಾಗಿಯೇ ಓದಿಕೊಳ್ಳುವ ಕವಿಗಳಿಂದ ಬೇಸತ್ತ ಕೇಳುಗರ ಕೈಗೆ ಅಧಿಕಾರ ಕೊಡುವುದು ಅದರ ಉದ್ದೇಶ. ಕವಿತೆಗೆ ಅಂಕ ಕೊಡುವುದು ಹಾಸ್ಯಾಸ್ಪದವೆಂದು ಅದನ್ನು ಕಟ್ಟಿದವರಿಗೂ ಗೊತ್ತು. ವಿಮರ್ಶಕನ ಗಾಂಭೀರ್ಯವನ್ನು ಅಣಕಿಸಲೆಂದೇ ಆ ಕಾರ್ಡುಗಳು ಬಂದವು. ಇದನ್ನರಿಯದ ನಾನು ಅಣಕವನ್ನೇ ಪರೀಕ್ಷೆಯೆಂದು ಭಾವಿಸಿ ಮೌಲ್ಯಮಾಪನಕ್ಕೆ ಕುಳಿತಿದ್ದೆ.

ಈ ಎರಡು ತೊರೆಗಳು ರಂಗಭೂಮಿಯನ್ನು ಸೇರಿದಾಗ ‘ಹಿಪ್-ಹಾಪ್ ಥಿಯೇಟರ್’ ಎಂಬ ಹೆಸರು ಬಳಕೆಗೆ ಬಂತು. ಅದಕ್ಕೂ ಮೊದಲೇ, 1976ರಲ್ಲಿ, ಎಂಟೊಝಾಕೆ ಷಾಂಗೆ ಕವಿತೆಯನ್ನೂ ನರ್ತನವನ್ನೂ ಬೆಸೆದ ತಮ್ಮ ಕೃತಿಯನ್ನು ಬ್ರಾಡ್‌ವೇ ರಂಗಕ್ಕೆ ತಂದು ದಾರಿ ತೋರಿದ್ದರು. 2000ದಲ್ಲಿ ನಟ ಡ್ಯಾನಿ ಹಾಕ್ ನ್ಯೂಯಾರ್ಕಿನಲ್ಲಿ ಹಿಪ್-ಹಾಪ್ ರಂಗೋತ್ಸವವನ್ನು ಆರಂಭಿಸಿದರು. 2006ರಲ್ಲಿ ವಿಲ್ ಪವರ್ ಅವರು ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಥೀಬ್ಸ್ ನಗರದ ದುರಂತವನ್ನು ‘ದ ಸೆವೆನ್’ ಎಂಬ ಹೆಸರಿನಲ್ಲಿ ರ‍್ಯಾಪ್ ನುಡಿಗಟ್ಟಿಗೆ ಒಗ್ಗಿಸಿದರು. ತಂದೆಯ ಶಾಪದಿಂದ ಮಕ್ಕಳು ಬಿಡಿಸಿಕೊಳ್ಳಬಲ್ಲರೇ ಎಂಬ ಹಳೆಯ ಪ್ರಶ್ನೆ ಅಲ್ಲಿ ಅಮೆರಿಕದ ಬೀದಿಗಳ ಪ್ರಶ್ನೆಯೂ ಆಗುತ್ತದೆ. ಅದರಲ್ಲಿ ಕಥೆಯನ್ನು ನಡೆಸುವುದು ಡಿಜೆ. ಯಕ್ಷಗಾನದ ಭಾಗವತನನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸದು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಸಾರಾ ಜೋನ್ಸ್ ಎಂಬ ಕಲಾವಿದೆಯ ಕಥೆ. ರ‍್ಯಾಪ್ ಹಾಡುಗಳು ಹೆಣ್ಣನ್ನು ಭೋಗದ ವಸ್ತುವಾಗಿ ಕಾಣುವುದನ್ನು ಖಂಡಿಸಿ ಅವರು ‘ಯುವರ್ ರೆವಲ್ಯೂಷನ್’ ಎಂಬ ಕವಿತೆ ರಚಿಸಿದ್ದರು. ಆ ಹಾಡುಗಳ ಪದಗಳನ್ನೇ ಎತ್ತಿಕೊಂಡು ಅವುಗಳನ್ನು ಹಾಡಿದವರಿಗೇ ತಿರುಗಿಸಿದ ರಚನೆ ಅದು. 1999ರಲ್ಲಿ ಪೋರ್ಟ್‌ಲ್ಯಾಂಡ್ ನಗರದ ‘ಕೆಬೂ’ ಎಂಬ ಸಮುದಾಯ ಬಾನುಲಿ ಅದನ್ನು ಪ್ರಸಾರ ಮಾಡಿತು. ಪ್ರಸಾರ ಮಾಧ್ಯಮಗಳನ್ನು ನಿಯಂತ್ರಿಸುವ ಅಲ್ಲಿನ ಫೆಡರಲ್ ಆಯೋಗವು 2001ರಲ್ಲಿ ಕವಿತೆ ಅಸಭ್ಯವೆಂದು ತೀರ್ಮಾನಿಸಿ ಆ ಬಾನುಲಿಗೆ 7,000 ಡಾಲರ್ ದಂಡ ಹೇರಲು ಮುಂದಾಯಿತು. ಅಸಭ್ಯತೆಯನ್ನು ವಿರೋಧಿಸಿದ ಮಾತಿಗೇ ಅಸಭ್ಯತೆಯ ಹಣೆಪಟ್ಟಿ! ಜೋನ್ಸ್ ಆಯೋಗದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಕಡೆಗೆ 2003ರಲ್ಲಿ ಆಯೋಗವೇ ತನ್ನ ನಿರ್ಧಾರವನ್ನು ಹಿಂದಕ್ಕೆ ಪಡೆಯಿತು.

ಆಯೋಗದ ತಪ್ಪೂ ನನ್ನ ತಪ್ಪೂ ಒಂದೇ ಜಾತಿಯವು. ಇಬ್ಬರೂ ಪದಗಳನ್ನು ಹೆಕ್ಕಿ ತಕ್ಕಡಿಗೆ ಹಾಕಿದೆವು. ಯಾರು, ಯಾರ ಎದುರು, ಯಾವ ದನಿಯಲ್ಲಿ ಆಡಿದರು ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಒಂದು ವ್ಯತ್ಯಾಸವುಂಟು. ನನ್ನ ಅಂಕವನ್ನು ಆಟದ ನಿಯಮವೇ ಪಕ್ಕಕ್ಕೆ ತಳ್ಳಿತು. ಸರ್ಕಾರದ ತೀರ್ಪನ್ನು ತಳ್ಳಲು ಒಬ್ಬ ಕಲಾವಿದೆ ಸುಮಾರು ಎರಡು ವರ್ಷ ಹೋರಾಡಬೇಕಾಯಿತು.

ಅದೇ ಜೋನ್ಸ್ ಮುಂದೆ ‘ಬ್ರಿಜ್ ಅಂಡ್ ಟನಲ್’ ಎಂಬ ಏಕವ್ಯಕ್ತಿ ಪ್ರದರ್ಶನವನ್ನು ರೂಪಿಸಿದರು. ಕ್ವೀನ್ಸ್ ಬಡಾವಣೆಯಲ್ಲಿ ನಡೆಯುವ ವಲಸೆಗಾರರ ಕವಿಗೋಷ್ಠಿಯೊಂದು ಅದರ ವಸ್ತು. ಗೋಷ್ಠಿಯ ನಿರೂಪಕ ಪಾಕಿಸ್ತಾನ ಮೂಲದ ಒಬ್ಬ ಲೆಕ್ಕಿಗ. ಹತ್ತಕ್ಕೂ ಹೆಚ್ಚು ಪಾತ್ರಗಳನ್ನು, ಪ್ರತಿಯೊಬ್ಬರ ಇಂಗ್ಲಿಷ್ ಉಚ್ಚಾರದ ವಿಶಿಷ್ಟ ಸೊಗಡಿನೊಡನೆ, ಅವರೊಬ್ಬರೇ ನಿರ್ವಹಿಸಿದರು. 2006ರಲ್ಲಿ ಅದಕ್ಕೆ ವಿಶೇಷ ಟೋನಿ ಪ್ರಶಸ್ತಿ ಸಂದಿತು. ವ್ಯಾಕರಣದ ಮೇಷ್ಟರು ಕೆಂಪು ಶಾಯಿಯಲ್ಲಿ ಗುರುತು ಹಾಕುವ ಸ್ಥಳಗಳಲ್ಲೇ ಆ ಪಾತ್ರಗಳ ಜೀವ ಇದೆ.

ಈ ಕಲೆಯನ್ನು ಮಾರುಕಟ್ಟೆ ಬಿಟ್ಟೀತೆ? 2002ರಿಂದ 2007ರವರೆಗೆ ಎಚ್‌ಬಿಒ ವಾಹಿನಿ ನುಡಿಗವಿತೆಯ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅದರ ರಂಗರೂಪ ಬ್ರಾಡ್‌ವೇ ಏರಿ 2003ರಲ್ಲಿ ಟೋನಿ ಗಳಿಸಿತು. 2015ರಲ್ಲಿ ಲಿನ್-ಮ್ಯಾನ್ಯುಯೆಲ್ ಮಿರಾಂಡ ಅವರ ‘ಹ್ಯಾಮಿಲ್ಟನ್’ ಅಮೆರಿಕ ಗಣರಾಜ್ಯದ ಸ್ಥಾಪಕರ ಬಾಯಲ್ಲಿ ರ‍್ಯಾಪ್ ಆಡಿಸಿತು. ಮರುವರ್ಷ ಪುಲಿಟ್ಜರ್ ಜೊತೆಗೆ 11 ಟೋನಿಗಳನ್ನೂ ಬಾಚಿಕೊಂಡಿತು. ಅದರ ಟಿಕೆಟ್ ಬೆಲೆ ನೂರಾರು ಡಾಲರ್ ಮುಟ್ಟಿತು. ಕಸ ಗುಡಿಸುವ ತಾಯಿಯ ಮಾತು ರಂಗವೇರುವುದು ಸಂತೋಷವೇ. ಆದರೆ ಆ ರಂಗದೆದುರು ಕೂರಲು ಆ ತಾಯಿಗೇ ಸಾಧ್ಯವಾಗದಿದ್ದರೆ? ಕಿರಿದಾದ ಕೋಣೆ ಮತ್ತು ಒಂದೇ ಮೈಕು ಉಳಿಯಲೇಬೇಕೆಂದು ನಾನು ಬಯಸುವುದು ಇದಕ್ಕಾಗಿ.

ಇದು ನಮಗೆ ತೀರ ದೂರದ ಸಂಗತಿಯಲ್ಲ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದ ಸ್ಫೂರ್ತಿ ಪಡೆದೇ 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಆ ದಶಕದಲ್ಲೇ ಸಿದ್ಧಲಿಂಗಯ್ಯನವರ ಕವಿತೆಗಳನ್ನು ಕರ್ನಾಟಕದ ದಲಿತ ಚಳವಳಿ ಬೀದಿಬೀದಿಗಳಲ್ಲಿ ಹಾಡಿತು. ‘ಹೊಲೆ ಮಾದಿಗರ ಹಾಡು’ ಪುಸ್ತಕವಾಗಿ ಬಂದದ್ದು 1975ರಲ್ಲಿ. ಅದು ಕಾವ್ಯವೇ, ಘೋಷಣೆಯೇ ಎಂದು ಕೊಠಡಿಯೊಳಗೆ ಚರ್ಚಿಸುತ್ತಿದ್ದ ಮೇಷ್ಟರುಗಳಲ್ಲಿ ನಾನೂ ಒಬ್ಬ.

ಒಂದು ಮಾತನ್ನು ಸೊಸೆಗೂ ನಾನು ಹೇಳಿರಲಿಲ್ಲ. ಮಂಡ್ಯ ಸೀಮೆಯ ಹಳ್ಳಿಯಿಂದ ಮೈಸೂರಿನ ಕಾಲೇಜಿಗೆ ಬಂದ ಮೊದಲ ವರ್ಷ ಚರ್ಚಾಸ್ಪರ್ಧೆಯೊಂದರಲ್ಲಿ ನಾನು ‘ಹಾಲು’ ಎನ್ನುವಲ್ಲಿ ‘ಆಲು’ ಎಂದಿದ್ದೆ. ಸಭೆ ಗೊಳ್ಳೆಂದು ನಕ್ಕಿತು, ತೀರ್ಪುಗಾರರೂ ನಕ್ಕರು. ಆ ರಾತ್ರಿಯಿಂದ ಹಕಾರವನ್ನು ಅಭ್ಯಾಸ ಮಾಡಿದೆ. ಎಷ್ಟರಮಟ್ಟಿಗೆಂದರೆ, ಊರಿಗೆ ಹೋದಾಗ ಅವ್ವ ಆಡುವ ಮಾತನ್ನೂ ತಿದ್ದತೊಡಗಿದೆ. ಅವ್ವ ಬರಬರುತ್ತಾ ನನ್ನೆದುರು ಮಾತು ಕಡಿಮೆ ಮಾಡಿದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಾತು ಹೇಗಿತ್ತೆಂದು ಮೊಮ್ಮಕ್ಕಳು ಕೇಳಿದರೆ ಆಡಿ ತೋರಿಸಲು ಇಂದು ನನ್ನ ನಾಲಗೆ ಹೊರಳುವುದಿಲ್ಲ.

ಬೆಂಗಳೂರಿನ ಕೆಫೆಗಳಲ್ಲಿ ಈಗ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇಂಥ ಗೋಷ್ಠಿಗಳು ನಡೆಯುತ್ತವೆ. ಸಿದ್ಧಪಠ್ಯವಿಲ್ಲದೆ ತಮ್ಮೂರಿನ ಕನ್ನಡವನ್ನು ಹಾಗೆಯೇ ಆಡುವ ಹುಡುಗ ಹುಡುಗಿಯರು ಅಲ್ಲಿಗೆ ಬರಬೇಕು. ನಮ್ಮ ಕಾಲೇಜುಗಳೂ ಅವರಿಗೊಂದು ಮೈಕು, ಮೂರು ನಿಮಿಷ ಕೊಡಬೇಕು. ತೀರ್ಪುಗಾರರಾಗಿ ನನ್ನನ್ನು ಕರೆದರೆ ಕಾರ್ಡು ಬೇಡವೆನ್ನುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಲು ಒಂದು ಜಾಗ ಸಿಕ್ಕರೆ ಸಾಕು.