ಕೊಬ್ಬಿದ ಕಾಡುಹಂದಿಯಲ್ಲೂ ಹುಳ ಉಂಟು

ರಾತ್ರಿ ತೋಟಕ್ಕೆ ನುಗ್ಗುವ ಕಾಡುಹಂದಿ ಮೈತುಂಬಿ ಕೊಬ್ಬಿದ್ದರೆ "ಇದಕ್ಕೇನು ರೋಗ?" ಎನ್ನುವವರುಂಟು. ಅದು ತಪ್ಪು ಲೆಕ್ಕ.

ಹಂದಿ ಮೂತಿಯಿಂದ ಮಣ್ಣು ಅಗೆದು ಎರೆಹುಳ ತಿನ್ನುತ್ತದೆ. ಎರೆಹುಳದೊಳಗಿದ್ದ ಶ್ವಾಸಕೋಶದ ಹುಳದ ಮರಿಗಳು ಕರುಳಿನಿಂದ ಶ್ವಾಸಕೋಶಕ್ಕೆ ಹೋಗಿ ಬೆಳೆಯುತ್ತವೆ. ಅಲ್ಲಿಟ್ಟ ಮೊಟ್ಟೆಗಳನ್ನು ಹಂದಿ ಕಫದೊಡನೆ ನುಂಗುತ್ತದೆ. ಅವು ಮಲದಲ್ಲಿ ಹೊರಬಿದ್ದು ಮತ್ತೆ ಎರೆಹುಳದ ಹೊಟ್ಟೆ ಸೇರುತ್ತವೆ. ಹುಳ ಹೆಚ್ಚಾದರೆ ಹಂದಿಮರಿಗಳು ಕೆಮ್ಮಿ ಬಡಕಲಾಗುತ್ತವೆ. ಬೆಳೆದ ಹಂದಿಗೆ ಮೇವು ಸಿಕ್ಕರೆ ಸಾಕು, ಹುಳ ಹೊತ್ತೂ ಕೊಬ್ಬುತ್ತದೆ.

ನಮಗೆ ಹೆಚ್ಚಿನ ಅಪಾಯ ಬೇರೆ ಹುಳದ್ದು. ಟ್ರೈಕಿನೆಲ್ಲಾ ಎಂಬುದು ಮಾಂಸದೊಳಗೇ ಸುರುಳಿ ಸುತ್ತಿ ಕೂರುತ್ತದೆ, ಬರಿಗಣ್ಣಿಗೆ ಕಾಣದು. ಉಪ್ಪು ಹಾಕಿದರೂ, ಹೊಗೆಯಲ್ಲಿ ಒಣಗಿಸಿದರೂ ಸತ್ತೀತೆಂಬ ಭರವಸೆಯಿಲ್ಲ. ನಾಯಿಗೆ ಹಾಕಿದರೆ ನಾಯಿಗೂ ಅಂಟುತ್ತದೆ.

ಬೆಳೆ ಹಾಳುಮಾಡುವ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೂ ನೀಡಿತು. ಆದರೆ ಕೊಂದ ಹಂದಿಯನ್ನು ಹೂಳಲೇಬೇಕು.