2143 ಇದ್ದಿದ್ದು 1951 ಯಾಕಾಯ್ತು?

ಗ್ಯಾಸ್ ಗೀಸರ್ ಹಾಕಿದ ಬಾತ್‌ರೂಮಿನಲ್ಲಿ ಸಾವು ಅಂತ ಆಗಾಗ ಸುದ್ದಿ ಓದ್ತೀವಿ. ಕಿಟಕಿ ಮುಚ್ಚಿರುತ್ತೆ, ಗ್ಯಾಸ್ ಪೂರ್ತಿ ಉರಿಯಲ್ಲ, ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಕ್ಕೆ ಆಕ್ಸಿಜನ್‌ಗಿಂತ ಇದರ ಮೇಲೆ 200 ಪಟ್ಟಿಗೂ ಹೆಚ್ಚು ಒಲವು. ಯಾಕೆ ಈ ಪರಿ ಅಂಟು? ಉತ್ತರದ ಒಂದು ಭಾಗ ಇನ್‌ಫ್ರಾರೆಡ್ ಬೆಳಕಿನಲ್ಲಿ ಕಾಣುತ್ತೆ.

ಕಾರ್ಬನ್-ಆಕ್ಸಿಜನ್ ಬಂಧವನ್ನ ಒಂದು ಸ್ಪ್ರಿಂಗ್ ಅಂದ್ಕೊಳ್ಳಿ. ಬಿಗಿಯಾಗಿದ್ರೆ ಬೇಗ ಬೇಗ ಅದುರುತ್ತೆ, ಸಡಿಲವಾದ್ರೆ ನಿಧಾನ. ಅದು ಯಾವ ಇನ್‌ಫ್ರಾರೆಡ್ ಬೆಳಕನ್ನ ಹೀರಿತು ಅಂತ ನೋಡಿದ್ರೆ ಅದುರುವ ವೇಗ ಸಿಗುತ್ತೆ. ಲೆಕ್ಕ ವೇವ್‌ನಂಬರ್‌ನಲ್ಲಿ, ಅಂದ್ರೆ 1 ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅಂತ. ಒಂಟಿಯಾಗಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಇದು 2143.

ಲೋಹಕ್ಕೆ ಅಂಟಿದಾಗ ಕಾರ್ಬನ್ ಒಂದು ಜೋಡಿ ಎಲೆಕ್ಟ್ರಾನ್ ಕೊಡುತ್ತೆ. ಲೋಹ ಸುಮ್ನಿರಲ್ಲ, ತನ್ನ ಡಿ ಎಲೆಕ್ಟ್ರಾನ್‌ಗಳಲ್ಲಿ ಒಂದಿಷ್ಟು ವಾಪಸ್ ಕೊಡುತ್ತೆ. ಇದೇ ಬ್ಯಾಕ್‌ಡೊನೇಶನ್. ಬಿ.ಕಾಂ. ಓದಿದ ನನಗೆ ಇದು ಮದುವೆ ಮನೆ ಮುಯ್ಯಿ ಲೆಕ್ಕದ ಹಾಗೇ ಕಂಡಿತು. ಆದ್ರೆ ವಾಪಸ್ ಬಂದ ಎಲೆಕ್ಟ್ರಾನ್ ಹೋಗಿ ಕೂರೋದು ಆಂಟಿಬಾಂಡಿಂಗ್ ಆರ್ಬಿಟಲ್‌ನಲ್ಲಿ, ಅಂದ್ರೆ ಬಂಧ ಸಡಿಲಿಸುವ ಜಾಗದಲ್ಲಿ. ಹಾಗಾಗಿ ಲೋಹದ ಜೊತೆ ನಂಟು ಗಟ್ಟಿಯಾಗುತ್ತೆ, ಕಾರ್ಬನ್-ಆಕ್ಸಿಜನ್ ನಂಟು ಸಡಿಲವಾಗುತ್ತೆ, ನಂಬರ್ ಇಳಿಯುತ್ತೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಕೇಳಿ. ನಿಕ್ಕಲ್, ಕೋಬಾಲ್ಟ್, ಕಬ್ಬಿಣ. ಮೂರಕ್ಕೂ ನಾಲ್ಕು ನಾಲ್ಕು ಕಾರ್ಬನ್ ಮೊನಾಕ್ಸೈಡ್ ಅಂಟಿರುವ ಕಾಂಪ್ಲೆಕ್ಸ್‌ಗಳಿವೆ. ಒಟ್ಟು ಎಲೆಕ್ಟ್ರಾನ್ ಸಂಖ್ಯೆಯೂ ಮೂರರಲ್ಲಿ ಒಂದೇ. ಚಾರ್ಜ್ ಮಾತ್ರ ಕ್ರಮವಾಗಿ ಸೊನ್ನೆ, ಮೈನಸ್ 1, ಮೈನಸ್ 2. ನಂಬರ್ ನೋಡಿದ್ರೆ ಸುಮಾರು 2060, 1890, 1790! ಮೈನಸ್ ಹೆಚ್ಚಿದಷ್ಟೂ ಲೋಹದ ಕೈ ಧಾರಾಳ. ಅದೇ, ವಾಪಸ್ ಕೊಡೋಕೆ ಡಿ ಎಲೆಕ್ಟ್ರಾನೇ ಇಲ್ಲದ ಬೋರೇನ್‌ಗೆ ಅಂಟಿಸಿದ್ರೆ ನಂಬರ್ ಇಳಿಯೋದಿಲ್ಲ, 2165ರ ಹತ್ತಿರಕ್ಕೆ ಏರುತ್ತೆ.

ಒಂದು ಎಚ್ಚರ ಇದೆ. ಎರಡು ಲೋಹಗಳ ನಡುವೆ ಸೇತುವೆಯಾಗಿ ಕೂತಾಗಲೂ ನಂಬರ್ ತುಂಬಾ ಇಳಿಯುತ್ತೆ. ಅದನ್ನ ಇವುಗಳ ಪಕ್ಕ ಇಟ್ಟು ಹೋಲಿಸಬಾರದು.

ಈಗ ರಕ್ತಕ್ಕೆ ಬರೋಣ. ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡ್ 1951ರ ಹತ್ತಿರ ಕಾಣಿಸುತ್ತೆ. ಹೆಚ್ಚುಕಮ್ಮಿ 190ರಷ್ಟು ಇಳಿಕೆ. ಕಬ್ಬಿಣ ಚೆನ್ನಾಗೇ ಮುಯ್ಯಿ ಮಾಡಿದೆ. ಮಾಮೂಲಿ ಗಾಳಿ ಉಸಿರಾಡ್ತಾ ಇದ್ರೆ ಅಂಟಿದ್ದರಲ್ಲಿ ಅರ್ಧ ಬಿಟ್ಟುಹೋಗೋಕೇ ಸುಮಾರು 4-5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ರೆ ಅದು ಒಂದು, ಒಂದೂವರೆ ಗಂಟೆಗೆ ಇಳಿಯುತ್ತೆ.