ಪಾಚಿ ಮತ್ತೆ ಏಕೆ ಬರುತ್ತದೆ?

ಎಂಟನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಶೈವಲ ಎಂದರೇನು ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಪಾಚಿ ಎಂದ ಕೂಡಲೇ ಕೈಗಳು ಎದ್ದವು. “ನಮ್ ಕೃಷಿ ಹೊಂಡದಲ್ಲಿದೆ ಮಿಸ್. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಹೋಗುತ್ತೆ, ಮತ್ತೆ ಬರುತ್ತೆ” ಎಂದ ಒಬ್ಬ ಹುಡುಗ. ಮತ್ತೆ ಏಕೆ ಬರುತ್ತದೆ ಎಂಬುದೇ ಅಂದಿನ ಪಾಠವಾಯಿತು.

ಹೋಲಿಕೆಗೆ ಬಯಲು ಈಜುಕೊಳವನ್ನು ತೆಗೆದುಕೊಂಡೆ. ಪಾಚಿಗೆ ಬೇಕಾದ ಬಿಸಿಲು ಅಲ್ಲಿದೆ. ದೂಳು, ಎಲೆ, ಬೆವರಿನಿಂದ ಸಾರಜನಕ, ರಂಜಕಗಳೂ ಸೇರುತ್ತವೆ. ಆದರೂ ನೀರು ತಿಳಿಯಾಗಿರುವುದು ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಸದಾ ಉಳಿದಿರುವಂತೆ ನೋಡಿಕೊಳ್ಳುವುದರಿಂದ. ಬಿಸಿಲಿನ ನೇರಳಾತೀತ ಕಿರಣಗಳು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತವೆ. ಅದಕ್ಕೇ ಸಂಜೆ ಹಾಕುವುದು ಮೇಲು. ಹಗಲಲ್ಲೂ ಉಳಿಯಲೆಂದು ಸಯನ್ಯೂರಿಕ್ ಆಮ್ಲ ಬೆರೆಸುವುದೂ ಉಂಟು. ಪಿಎಚ್ 7.2ರಿಂದ 7.8ರ ಒಳಗಿರಬೇಕು; 8 ದಾಟಿದರೆ ಕ್ಲೋರಿನ್ ಇದ್ದೂ ಅದರ ಶಕ್ತಿ ಬಹಳ ಕುಂದುತ್ತದೆ. ಜೊತೆಗೆ ದಿನವೂ ನೀರನ್ನು ಸೋಸಬೇಕು, ಗೋಡೆ ಉಜ್ಜಬೇಕು.

ಹೊಂಡದಲ್ಲಿ ಇದಾವುದೂ ನಡೆಯುವುದಿಲ್ಲ. ಒಮ್ಮೆ ಹಾಕಿದ ಪೌಡರ್ ಬಿಸಿಲಿಗೆ ಹೋಗುತ್ತದೆ. ಸತ್ತ ಪಾಚಿ ತಳದಲ್ಲಿ ಕೊಳೆತು, ಅದರಲ್ಲಿದ್ದ ರಂಜಕ ಮುಂದಿನ ಪಾಚಿಗೆ ಆಹಾರವಾಗುತ್ತದೆ. ಆದ್ದರಿಂದ ಹೊಂಡದಲ್ಲಿ ತಡೆಯಬೇಕಾದ್ದು ಬೆಳಕು ಮತ್ತು ಗೊಬ್ಬರವನ್ನು: ಮೇಲೆ ನೆರಳು ಪರದೆ, ಹೊಲದ ನೀರು ಹರಿದು ಬಾರದಂತೆ ಸುತ್ತ ಬದು. ಹನಿ ನೀರಾವರಿಯ ಫಿಲ್ಟರ್ ಕಟ್ಟಿಕೊಳ್ಳುವುದೂ ಇದರಿಂದ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪ್ಲಾಸ್ಟಿಕ್ ಹೊದಿಕೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ, ಈಜು ಬಂದವರಿಗೂ ಮೇಲೆ ಹತ್ತಲು ಆಗುವುದಿಲ್ಲ. ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಬೇಲಿ ಮತ್ತು ಗಂಟು ಹಾಕಿದ ಹಗ್ಗದ ಮಾತನ್ನು ಪಾಠಯೋಜನೆಯಲ್ಲಿ ನಾನು ಬರೆದಿರಲಿಲ್ಲ, ಬರೆಯಬೇಕಿತ್ತು.

ಕೆರೆಗೆ ಕ್ಲೋರಿನ್ ಹಾಕುವಂತೆಯೇ ಇಲ್ಲ, ಮೀನು ಸಾಯುತ್ತವೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭಿಸಿ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಎರಡು ಹಂತ ಶುದ್ಧೀಕರಿಸಿದ ಕೊಳಚೆ ನೀರು. ಎರಡನೇ ಹಂತದಲ್ಲಿ ರಂಜಕ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತ ಬೇಕೆಂಬ ಇಲ್ಲಿನವರ ಬೇಡಿಕೆಯ ಹಿಂದಿನ ವಿಜ್ಞಾನವನ್ನು ಇದೇ ಪಾಠದಲ್ಲಿ ಹೇಳಬಹುದು.

ಪ್ರಯೋಗ ಸುಲಭ. ಮೂರು ಬಾಟಲಿ ಹೊಂಡದ ನೀರು, ಎರಡಕ್ಕೆ ನಾಲ್ಕು ನಾಲ್ಕು ಕಾಳು ಡಿಎಪಿ, ಅವುಗಳಲ್ಲಿ ಒಂದಕ್ಕೆ ಕಪ್ಪು ಕಾಗದ. ಹತ್ತು ದಿನ ಕಿಟಕಿಯಲ್ಲಿಟ್ಟಾಗ ಕಾಗದ ಸುತ್ತದ ಡಿಎಪಿ ಬಾಟಲಿ ದಟ್ಟ ಹಸಿರಾಯಿತು, ಸುತ್ತಿದ್ದು ಆಗಲಿಲ್ಲ. ಮೊದಲ ಸಲ ಶುದ್ಧ ನೀರಿನ ಘಟಕದ ನೀರು ಬಳಸಿ ಕೆಟ್ಟೆ. ಅದರಲ್ಲಿ ಪಾಚಿಯ ಬೀಜವೇ ಇರಲಿಲ್ಲ. ಹೊಂಡದ ನೀರನ್ನು ಮಾತ್ರ ಮಕ್ಕಳಿಂದ ತರಿಸಬೇಡಿ. ನಾನು ತೋಟದವರನ್ನು ಕೇಳಿ, ಅವರಿಂದಲೇ ತುಂಬಿಸಿಕೊಂಡು ಬಂದೆ.